ತಳ ಕಾಣಿಸಿದ ನಮ್ಮೂರ ಕೆರೆ

ಎರಡು ವರ್ಷದ ಹಿಂದೆ ದೀಪಾವಳಿಗೆಂದು ಚಾಮರಾಜನಗರದಿಂದ ಬೇಗೂರಿನ ಹತ್ತಿರದ ನನ್ನ ತವರೂರಿಗೆ ಹೋಗಿದ್ದೆ. ಜೊತೆಗೆ ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ಬಸ್ಸಿಳಿಯುವವರೆಗೂ ನಾನು ಅವಳ ತಲೆ ತಿಂದದ್ದು ನಮ್ಮೂರ ಕೆರೆಯ ವಿಷಯದಲ್ಲೇ.

ನಾವು ಈಜು ಕಲಿತದ್ದು ಆ ಕೆರೆಯಲ್ಲಿ. ಈಜು ಅಂದರೆ ದೊಡ್ಡ ಮಾತಾಯಿತು. ದಡದಲ್ಲಿ ಕೈಕಾಲು ಬಡಿಯುತ್ತಿದ್ದೆವು, ಅಷ್ಟೆ. ಸದಾ ಹಸಿರು ನೀರು. ಒಳಗೆ ಬಿಟ್ಟ ಕೈ ನಮಗೇ ಕಾಣುತ್ತಿರಲಿಲ್ಲ. ಕಾಲಿಗೆ ಮೀನು ಮುತ್ತುತ್ತಿದ್ದವು, ಕಲ್ಲಿನ ತುಂಬ ಬಸವನಹುಳು, ಸಂಜೆಯಾದರೆ ಕಪ್ಪೆಗಳ ಗಲಾಟೆ. ಒದ್ದೆ ಲಂಗದಲ್ಲಿ ಮನೆಗೆ ಹೋಗಿ ಅವ್ವನಿಂದ ಬೈಸಿಕೊಳ್ಳುವುದೂ ಆಗ ಒಂದು ಸುಖವಾಗಿತ್ತು.

ಏರಿ ಹತ್ತಿದವಳೇ ಬೆರಗಾದೆ. ನೀರು ಗಾಜಿನಷ್ಟು ತಿಳಿ. ತಳದ ಕಲ್ಲೂ ಕಾಣುತ್ತಿತ್ತು. ಊರವರು ಕೆರೆಯನ್ನು ಎಷ್ಟು ಚೊಕ್ಕಟ ಮಾಡಿದ್ದಾರೆ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಮೀನಾಗಲಿ ಕೊಕ್ಕರೆಯಾಗಲಿ ಒಂದೂ ಇಲ್ಲ ಎಂಬುದು ಆಗ ಹೊಳೆಯಲೇ ಇಲ್ಲ. ಮಗಳಿಗೆ ನನ್ನ ಶೌರ್ಯ ತೋರಿಸಬೇಕಿತ್ತಲ್ಲ!

ಸೀರೆ ಎತ್ತಿ ಕಟ್ಟಿ ಇಳಿದೆ. ಮುಂದಿನ ಕಲ್ಲು ಮೊಣಕಾಲುದ್ದ ನೀರಿನಲ್ಲಿದೆ ಅನಿಸಿತು. ಚಿಕ್ಕಂದಿನಲ್ಲಿ ಕಾಲಲ್ಲಿ ತಡಕಿ ತಡಕಿ ಇಳಿಯುತ್ತಿದ್ದವಳು ಆವತ್ತು ಕಣ್ಣನ್ನು ನಂಬಿ ಹೆಜ್ಜೆ ಇಟ್ಟೆ. ನೆಲವೇ ಸಿಗಲಿಲ್ಲ. ಮೂಗು ಬಾಯಿಗೆಲ್ಲ ನೀರು ನುಗ್ಗಿತು. ಅಷ್ಟರಲ್ಲಿ ಮಗಳು ಕಿರುಚುತ್ತಾ ನೀರಿಗೆ ಇಳಿಯುತ್ತಿರುವುದು ಕಂಡಿತು. ನಾನು ಹೋದರೆ ಹೋಗಲಿ, ಅವಳು ಬರದಿರಲಿ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಮಗಳನ್ನು ಹಿಂದಕ್ಕೆಳೆದಳು. ಹೊರೆಯ ಹಗ್ಗ ಬಿಚ್ಚಿ ನನ್ನ ಕಡೆ ಎಸೆದಳು. ದಡದಲ್ಲಿ ಕೆಮ್ಮುತ್ತಾ ಮುಖ ನೋಡಿದರೆ ಅವಳು ನನ್ನ ಬಾಲ್ಯದ ಗೆಳತಿ ಮಾದೇವಿ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ನೀರು ಇಷ್ಟು ಚೆನ್ನಾಗಿದೆಯಲ್ಲ, ತಳ ಹತ್ತಿರವೇ ಇದೆ ಅನಿಸಿ ಮೋಸ ಹೋದೆ ಎಂದೆ.

"ಏನ್ ಚೆನ್ನಾಗದ ಬುಡು. ನೀರೊಳ್ಗ ಉಸ್ರಾಡೋದು ಒಂದೂ ಇಲ್ಲ ಕಣಮ್ಮಿ. ಅದ್ಕೆಯ ಇಷ್ಟು ತಿಳಿಯಾಗದ" ಎಂದಳು.

ಮೇಲಿನ ಹಳ್ಳಕ್ಕೆ ಯಾರೋ ಕದ್ದುಮುಚ್ಚಿ ಆಸಿಡ್ ನೀರು ಸುರಿದು ಹೋಗುತ್ತಿದ್ದರಂತೆ. ಪರೀಕ್ಷೆ ಮಾಡಿದವರು ಕೆರೆಯೇ ಹುಳಿಯಾಗಿದೆ ಎಂದರಂತೆ. ನೀರಿಗೆ ಹಸಿರು ಬಣ್ಣ ಕೊಡುತ್ತಿದ್ದ ಸಣ್ಣ ಪಾಚಿ ಸತ್ತು ನೀರು ತಿಳಿಯಾಯಿತು. ಮೀನಿನ ಮೊಟ್ಟೆ ಮರಿಯಾಗಲಿಲ್ಲ. ಬಸವನಹುಳುವಿನ ಚಿಪ್ಪು ಮುಟ್ಟಿದರೆ ಪುಡಿಯಾಗುತ್ತಿತ್ತು. ತಿನ್ನಲು ಏನೂ ಸಿಗದೆ ಕೊಕ್ಕರೆಗಳೂ ಬರುವುದನ್ನು ಬಿಟ್ಟವಂತೆ. ಮಾದೇವಿ ಹೇಳುತ್ತಾ ಹೋದಳು, ನನಗೆ ಮುಳುಗಿದಾಗಿನ ಭಯಕ್ಕಿಂತ ಅದೇ ಹೆಚ್ಚು ಸಂಕಟವಾಯಿತು.

ಆವತ್ತು ಮಗಳು ತೆಗೆದ ಫೋಟೊ ಇನ್ನೂ ಮೊಬೈಲಿನಲ್ಲಿದೆ. ನೋಡಿದವರೆಲ್ಲ ಎಂಥ ಶುದ್ಧ ನೀರು, ನಿಮ್ಮೂರವರು ಪುಣ್ಯವಂತರು ಎನ್ನುತ್ತಾರೆ. ಅದು ಸತ್ತ ಕೆರೆಯ ಫೋಟೊ ಎಂದರೆ ಯಾರೂ ನಂಬುವುದಿಲ್ಲ.