ಶರಣಪ್ಪನ ಸೆಟ್ಟು

ವಿಜ್ಞಾನ ಕಲಿಸಿ ಹೊಟ್ಟೆ ಹೊರೆದವನು ನಾನು. ಯಾರಾದರೂ ವಿಚಿತ್ರ ಅನುಭವ ಹೇಳತೊಡಗಿದರೆ ನಡುವೆ ಬಾಯಿ ಹಾಕಿ ಕಾರಣ ಕೊಡುವ ಕೆಟ್ಟ ಚಾಳಿ ನನಗಿತ್ತು. ಈಗ ಸುಮ್ಮನೆ ಕೇಳುತ್ತೇನೆ.

ಸೇಡಂನ ನಮ್ಮ ಮಾಳಿಗೆಯ ಮೇಲೆ ನಿಂತು ನಾನು ಹ್ಯಾಮ್ ರೇಡಿಯೋದಲ್ಲಿ ಮಾತಾಡುತ್ತೇನೆ. ನಮ್ಮಂಥ ಹವ್ಯಾಸಿಗಳಿಗೆಂದೇ ಹಾರಿಸಿದ ಸಣ್ಣ ಉಪಗ್ರಹಗಳಿವೆ. ಅವು ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷ ನಮ್ಮ ದನಿಯನ್ನು ದೂರದೂರಿಗೆ ಮುಟ್ಟಿಸುತ್ತವೆ. ಈ ಹುಚ್ಚಿನಲ್ಲಿ ನನಗೆ ಜೊತೆಯಾಗಿದ್ದವನು ಶಹಾಬಾದಿನ ಶರಣಪ್ಪ, ಕಲ್ಲಿನ ಖಣಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಕೈಯಲ್ಲಿ ಫೋನಿದ್ದರೂ ಆಕಾಶ ಸುತ್ತಿಸಿ ಮಾತಾಡುವುದೇ ನಮಗೆ ಖುಷಿ.

ಅವನ ರೇಡಿಯೋ ಸೆಟ್ಟು ಕೆಟ್ಟಾಗ ರಿಪೇರಿ ಮಾಡುತ್ತೇನೆಂದು ನಾನೇ ತಂದುಕೊಂಡೆ. ಹದಿನೈದು ದಿನ ಅಂದವನು ಮೂರು ತಿಂಗಳು ಇಟ್ಟುಕೊಂಡೆ. ಅಷ್ಟರಲ್ಲಿ ಅವನು ಹಾಸಿಗೆ ಹಿಡಿದ. ಮಲಗಿದಲ್ಲೇ ನಾಲ್ಕು ಜನರ ಮಾತು ಕೇಳಲು ಅವನಿಗೆ ಅದೊಂದೇ ಬೇಕಿತ್ತು. 'ಮುಂದಿನ ವಾರ' ಎಂದು ಹೇಳಿ ಹೇಳಿ ನಾಚಿಕೆಯಾಗಿ, ಕಡೆಗೆ ಅವನ ಫೋನು ಎತ್ತುವುದನ್ನೇ ಬಿಟ್ಟೆ.

ಒಂದು ರವಿವಾರ ಬೆಳಿಗ್ಗೆ ಎರಡು ಉಪಗ್ರಹಗಳು ಒಟ್ಟಿಗೆ ಬಂದವು. ಎರಡರ ಕಂಪನಾಂಕವೂ ಹತ್ತಿರ ಹತ್ತಿರ. ಹಾಗಾಗಿ ಒಂದರ ಮಾತಿನ ಮೇಲೆ ಇನ್ನೊಂದರ ಸದ್ದು ಬಿದ್ದು ಸಂತೆಯಂತಾಗಿತ್ತು. ಆ ಗದ್ದಲದ ಅಡಿಯಿಂದ ಶರಣಪ್ಪನ ದನಿ ಬಂತು.

"ಮಾಸ್ತರ್ರ, ನಾ ಶರಣಪ್ಪ. ಕೇಳಸ್ಲಿಕತ್ತದೇನ್ರಿ? ಒಂದ್ ಮಾತ್ ಆಡ್ರಿ."

ಎರಡು ಸಲ ಅಂದ. ಅವನ ಸೆಟ್ಟು ಕೆಳಗೆ ನನ್ನ ಕೋಣೆಯಲ್ಲಿ ಬಿಚ್ಚಿದ ಹಾಗೇ ಬಿದ್ದಿತ್ತು. ಬೇರೆ ಸೆಟ್ಟು ಅವನಲ್ಲಿರಲಿಲ್ಲ. ಅದ್ಯಾರ ದನಿ ಎಂದು ಹೈದರಾಬಾದಿನ ಹವ್ಯಾಸಿಯೊಬ್ಬರು ಕೇಳಿದರು. ಬರೀ ಇಂಟರ್‌ಫಿಯರೆನ್ಸ್, ಸದ್ದಿಗೆ ಸದ್ದು ಬೆರೆತದ್ದು ಎಂದೆ. ದನಿಯ ಗುರುತು ನನಗೆ ಚೆನ್ನಾಗಿ ಸಿಕ್ಕಿತ್ತು. ಉತ್ತರ ಕೊಟ್ಟರೆ ಸೆಟ್ಟಿನ ಮಾತು ಬರುತ್ತದಲ್ಲ ಎಂದು ಸುಮ್ಮನಾದೆ.

ಮಧ್ಯಾಹ್ನ ಅವನು ತೀರಿಕೊಂಡ ಸುದ್ದಿ ಬಂತು. ಶಹಾಬಾದಿಗೆ ಹೋದೆ. ಬೆಳಿಗ್ಗೆ ಯಾರದಾದರೂ ಸೆಟ್ಟು ತಂದುಕೊಟ್ಟಿದ್ದಿರಾ ಎಂದು ಅವನ ಹೆಂಡತಿಯನ್ನು ಕೇಳಿದೆ. ಇಲ್ಲವೆಂದರು. ಬರಿಗೈಯನ್ನೇ ಬಾಯಿಗೆ ಹಿಡಿದು ಏನೋ ಮಾತಾಡುತ್ತಿದ್ದನಂತೆ. ಜ್ವರದ ಬಡಬಡಿಕೆ ಎಂದುಕೊಂಡರಂತೆ.

"ಕಡೀಕ ಕೈ ಕೆಳಗಿಟ್ಟು, 'ಮಾಸ್ತರಿಗೆ ಕೇಳಸ್ಲಿಕತ್ತದ, ಮಾತಾಡವಲ್ರು' ಅಂದ್ರು. ನಿಮಗೇನರ ತಿಳೀತದೇನ್ರಿ ಇದು?"

ತಿಳಿಯುವುದಿಲ್ಲ ಎಂದೆ. ಆ ದನಿ ಹೇಗೆ ಬಂತೆಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಅವನು ಹೇಳಿದ್ದು ನಿಜ ಎಂದು ಮಾತ್ರ ಆಕೆಗೆ ಇನ್ನೂ ಹೇಳಿಲ್ಲ.