ಕಾಣಿಕೆ ಬಿಟ್ಟು ಎದ್ದುಹೋದ ಅವ್ವ

ಅವ್ವನಿಗೆ ಓದು ಬರುತ್ತಿರಲಿಲ್ಲ. ನಮ್ಮ ಮನೆಯ ಸತ್ಯವೇದವನ್ನು, ಅಂದರೆ ಬೈಬಲನ್ನು, ಅವಳಿಗೆ ಓದಿ ಹೇಳುವವಳು ನಾನೇ. ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯ ಹಾಸ್ಟೆಲ್ಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಶನಿವಾರ ಬಸ್ಸು ಹಿಡಿದು ಮೊಳಕಾಲ್ಮೂರಿಗೆ ಬಂದರೆ, ಅವ್ವ ಮಗ್ಗದಲ್ಲಿ ಕೂತಲ್ಲಿಂದಲೇ ಓದು ಅನ್ನುತ್ತಿದ್ದಳು. ಲಾಳಿಯ ಸದ್ದಿನ ಮೇಲೆ ದನಿಯೆತ್ತಿ ಓದಬೇಕು. ಮನೆಮಾತು ತೆಲುಗು, ಪುಸ್ತಕ ಕನ್ನಡ. ತಿಳಿಯದ ಕಡೆ ಅವಳು ಮಗ್ಗ ನಿಲ್ಲಿಸುತ್ತಿದ್ದಳು, ನಾನು ತೆಲುಗಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಎಲ್ಲ ಕೇಳಿದ ಮೇಲೆ ಅವಳದು ಒಂದೇ ಪ್ರಶ್ನೆ: "ಹಂಗಾದ್ರೆ ನಾವೇನ್ ಮಾಡ್ಬೇಕು?"

ಅವ್ವ ಯೇಸುವನ್ನು ನಂಬಿದ್ದು ನಾನು ಚಿಕ್ಕವಳಿದ್ದಾಗ. ನಮ್ಮ ನೇಕಾರರ ಬೀದಿಯವರು ನಾಲ್ಕು ದಿನ ಮಾತಾಡಿಕೊಂಡು ಸುಮ್ಮನಾದರು. ನೋವಾಗಿದ್ದು ಒಂದೇ ಕಡೆ. ರಾಂಪುರದಲ್ಲಿ ಅವ್ವನ ಅಕ್ಕ ಇದ್ದಳು. ತಾಯಿ ಇಲ್ಲದ ಅವ್ವನನ್ನು ಸಾಕಿ ಮದುವೆ ಮಾಡಿಕೊಟ್ಟವಳು ಅವಳೇ. ಆ ದೊಡ್ಡವ್ವನ ಮಗಳ ಮದುವೆ ಬಂದಾಗ, ಪೂಜೆ ನಡೆಯುವ ಕಡೆ ನಾವು ಹೋಗಬಾರದು ಎಂದು ನಮ್ಮ ಕ್ರೈಸ್ತ ಸಭೆಯಲ್ಲಿ ಯಾರೋ ಹೇಳಿದರು. ಅವ್ವ ಹೋಗಲಿಲ್ಲ. ಅಂದಿನಿಂದ ದೊಡ್ಡವ್ವ ನಮ್ಮ ಮನೆ ಹೊಸಿಲು ತುಳಿಯಲಿಲ್ಲ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು.

ವರ್ಷಗಳು ಕಳೆದ ಮೇಲೆ ಒಂದು ಭಾನುವಾರ, ತಗಡಿನ ಮಾಡಿನ ನಮ್ಮ ಪ್ರಾರ್ಥನಾಮಂದಿರದಲ್ಲಿ ಸತ್ಯವೇದದ ಪಾಠ ಓದುವ ಸರದಿ ನನ್ನದಾಗಿತ್ತು. ಕಾಣಿಕೆ ತಂದಾಗ ಒಡಹುಟ್ಟಿದವರಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವರೊಂದಿಗೆ ಒಂದಾಗು ಎಂದು ಯೇಸು ಹೇಳುವ ಭಾಗ ಅದು. ಮುಗಿಸಿ ತಲೆಯೆತ್ತಿದರೆ, ಅವ್ವ ಕಾಣಿಕೆಗೆಂದು ತಂದಿದ್ದ ಅಕ್ಕಿಯ ಚೀಲ ಚಾಪೆಯ ಮೇಲಿತ್ತು. ಅವ್ವ ಬಾಗಿಲು ದಾಟುತ್ತಿದ್ದಳು.

ಹುಷಾರಿಲ್ಲವೇನೋ ಎಂದುಕೊಂಡು ಹಿಂದೆಯೇ ಓಡಿದೆ. ಅವಳು ಆಗಲೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ರಾಂಪುರಕ್ಕೆ ಅಂದಳು. ನಾನೂ ಬರ್ತೀನಿ ಅಂದೆ. ಇಬ್ಬರೂ ಬಸ್ಸು ಹತ್ತಿದೆವು.

ದೊಡ್ಡವ್ವ ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಅವ್ವ ನಿಂತೇ ತೆಲುಗಿನಲ್ಲಿ ಹೇಳಿದಳು, ಮದುವೆಗೆ ಬರಬೇಕಿತ್ತು, ಬರಲಿಲ್ಲ, ತಪ್ಪು ನನ್ನದೇ ಎಂದು. ಯಾರ ಮಾತು ಕೇಳಿ ಬರದೆ ಉಳಿದೆ ಎನ್ನುವುದನ್ನು ಹೇಳಲೇ ಇಲ್ಲ.

ದೊಡ್ಡವ್ವ ತಲೆಯೆತ್ತದೆಯೇ ಕೇಳಿದಳು. "ಧಾರೆ ಹೊತ್ತಿನಾಗೆ ಎಲ್ರೂ ಕೇಳಿದ್ರು, ನಿನ್ನ ತಂಗಿ ಎಲ್ಲಿ ಅಂತ. ನಾನೇನ್ ಹೇಳ್ಲಿ?"

ಅವ್ವ ಕೆಳಗೆ ಕೂತು ತಾನೂ ಶೇಂಗಾ ಸುಲಿಯತೊಡಗಿದಳು. ನಾನೂ ಕೂತೆ. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು. ಊಟಕ್ಕೆ ಕೂತಾಗ, ಇವತ್ತೇ ಬರಲು ಯಾರು ಹೇಳಿದರು ಎಂದು ಕೇಳಿದಳು.

"ಇವಳು ಪುಸ್ತಕ ಓದಿದ್ಲು. ಕೇಳಿದ ಮ್ಯಾಲೆ ಕೂತಿರಾಕೆ ಆಗ್ಲಿಲ್ಲ," ಅಂದಳು ಅವ್ವ.

ದೊಡ್ಡವ್ವ ನನ್ನ ಕಡೆ ತಿರುಗಿದಳು. "ಇದನ್ನ ಮೊದ್ಲೇ ಓದಾಕೆ ಏನಾಗಿತ್ತೇ ನಿನಗೆ?"

ಮೊದಲು ನಕ್ಕಿದ್ದು ಅವ್ವ.

ಮುಂದಿನ ಭಾನುವಾರ ಅವ್ವ ಕಾಣಿಕೆ ಕೊಟ್ಟಳು. ಆರಾಧನೆಯ ನಡುವೆ ಎದ್ದುಹೋಗಿದ್ದು ಸರಿಯೇ ಎಂದು ಕೆಲವರು ಗೊಣಗಿದರು. ಚಳ್ಳಕೆರೆಯಿಂದ ಬರುತ್ತಿದ್ದ ಪಾಸ್ಟರು, ನಾನು ಒಂದು ಗಂಟೆ ಪ್ರಸಂಗ ಮಾಡಿದೆ, ಆ ಯಮ್ಮ ಅಷ್ಟರಲ್ಲಿ ಹೋಗಿ ಮಾಡೇಬಿಟ್ಟರು ಅಂದರು.

ದೊಡ್ಡವ್ವ ತನ್ನ ದೇವರುಗಳನ್ನು ಬಿಡಲಿಲ್ಲ, ಅವ್ವ ತನ್ನ ನಂಬಿಕೆ ಬಿಡಲಿಲ್ಲ. ದೊಡ್ಡವ್ವನ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಅವ್ವ ಹಿಂದಿನ ದಿನವೇ ಹೋದಳು. ಪೂಜೆಯ ಹೊತ್ತಿಗೆ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸಿದಳು, ಆಮೇಲೆ ಬಂದು ಮಗುವನ್ನು ಎತ್ತಿಕೊಂಡಳು.

ಈಗ ಸಭೆಯ ಹೆಣ್ಣುಮಕ್ಕಳಿಗೆ ನಾನು ಸತ್ಯವೇದ ಓದಿಸುತ್ತೇನೆ. ಅದರ ವಚನಗಳನ್ನು ಬಾಯಿಪಾಠ ಮಾಡಿಸುತ್ತೇನೆ, ಅದೂ ಬೇಕು. ಆದರೆ ಓದು ಮುಗಿದ ಕೂಡಲೇ ಪುಸ್ತಕ ಮುಚ್ಚಲು ಬಿಡುವುದಿಲ್ಲ. ಇದರಲ್ಲಿ ನಿನಗೇನು ಹೇಳಿದೆ, ಯಾರ ಮನೆಗೆ ಹೋಗಬೇಕು, ಯಾವ ಮಾತು ಆಡಬೇಕು ಎಂದು ಒಬ್ಬೊಬ್ಬರನ್ನೂ ಕೇಳುತ್ತೇನೆ. ದೇವರು ನಮಗೆ ವಾಕ್ಯ ಕೊಟ್ಟಿರುವುದೇ ಇದಕ್ಕೆ. ನನಗೆ ಇದರಲ್ಲಿ ಅನುಮಾನವಿಲ್ಲ.