ಬಸ್ಸಮ್ಮ ಹಾಕುವ ಜಡೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನಲ್ಲಿ ನಿಂತಿರುವ ಶಾಲಾ ಬಸ್ಸಿನೊಳಗೆ ಒಬ್ಬ ಹೆಂಗಸು ಸೀಟುಗಳ ಸಂದಿಗೆ ಕೈ ಹಾಕಿ ನಿನ್ನೆಯ ಉಳಿಕೆಗಳನ್ನು ಹೊರತೆಗೆಯುತ್ತಿದ್ದಾರೆ. ಪೆನ್ಸಿಲ್ ತುಂಡು, ಒಂಟಿ ಕಾಲುಚೀಲ, ಯಾರೋ ಅರ್ಧ ತಿಂದು ಬಚ್ಚಿಟ್ಟ ಬಿಸ್ಕತ್ತು.

"ಇದು ಮೂರನೇ ಕ್ಲಾಸಿನ ಇಲಿಮರೀದು" ಎಂದು ಬಿಸ್ಕತ್ತನ್ನು ಎತ್ತಿ ತೋರಿಸುತ್ತಾರೆ. "ಕಚ್ಚಿರೋದು ನೋಡಿ, ಮುಂದಿನ ಎರಡು ಹಲ್ಲಿಲ್ಲ."

ಶಾಲೆಯ ಕಾಗದಪತ್ರಗಳಲ್ಲಿ ಇವರು ಆಯಾ. ಮಕ್ಕಳ ಬಾಯಲ್ಲಿ ಬಸ್ಸಮ್ಮ. "ಸ್ಟೀರಿಂಗ್ ಮಾತ್ರ ನಂದು, ಬಾಯಿ ಪೂರ್ತಿ ಅಕ್ಕಂದೇ" ಎಂದು ಡ್ರೈವರ್ ಛೇಡಿಸುತ್ತಾನೆ. ನಲವತ್ತು ಚಿಲ್ಲರೆ ಮಕ್ಕಳನ್ನು ಹತ್ತಿಸುವುದು, ಜಗಳ ಬಿಡಿಸುವುದು, ವಾಂತಿ ಬರುವವರಿಗೆ ಬಕೆಟ್ ಹಿಡಿಯುವುದು, ನಿದ್ದೆ ಹೋದವರನ್ನು ಅವರವರ ಸ್ಟಾಪಿನಲ್ಲಿ ಎಬ್ಬಿಸುವುದು, ಇದಿಷ್ಟೂ ಬಸ್ಸಮ್ಮನ ಕೆಲಸ. ಮೊಣಕಾಲು ಈಗ ಮಾತು ಕೇಳುತ್ತಿಲ್ಲ. ಗಂಡ ರಾತ್ರಿ ಕಾವಲುಗಾರ. ಅವರು ಮನೆಗೆ ಬರುವ ಹೊತ್ತಿಗೆ ಇವರು ಹೊರಟು ನಿಂತಿರುತ್ತಾರೆ. "ನಮ್ಮದು ಬಾಗಿಲಲ್ಲೇ ಸಂಸಾರ" ಎಂದು ನಗುತ್ತಾರೆ.

ಇದರ ಮೇಲೆ ಯಾರೂ ಹೇಳದ, ಸಂಬಳವಿಲ್ಲದ ಕೆಲಸ ಇನ್ನೊಂದಿದೆ. ಕೆದರಿದ ತಲೆಯಲ್ಲಿ ಓಡಿ ಬಂದ ಹುಡುಗಿಯರನ್ನು ಕೊನೆಯ ಸೀಟಿಗೆ ಕರೆದು, ಮುಂದೆ ಕೂರಿಸಿಕೊಂಡು ಎರಡು ಜಡೆ ಹಾಕುವುದು. ಮನೆಯಲ್ಲಿ ಆ ಆಸೆ ತೀರಲಿಲ್ಲವಂತೆ. ಮಗಳದು ಬಾಬ್‌ಕಟ್, ಗಂಡನದು ಬೋಳುತಲೆ. ಸೀರೆಯ ಸೊಂಟದಲ್ಲಿ ಬಾಚಣಿಗೆ ಸದಾ ಸಿಕ್ಕಿಸಿಕೊಂಡೇ ಇರುತ್ತಾರೆ.

"ಮಕ್ಕಳನ್ನ ಎದುರಿಗೆ ನಿಲ್ಲಿಸಿ ಕೇಳಿದ್ರೆ ತುಟಿ ಬಿಚ್ಚಲ್ಲ. ಬೆನ್ನು ತಿರುಗಿಸಿ ಕೂತಾಗ ತಾವಾಗೇ ಹೇಳ್ತಾರೆ. ನಾವು ಸುಮ್ನೆ ಬಾಚ್ತಾ ಇರಬೇಕು ಅಷ್ಟೆ."

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹೀಗೆ ಕೂತಿದ್ದಳು. ಅವಳ ಗುರುತು ನಮಗೆ ಬೇಡ. ಅವಳ ಒಪ್ಪಿಗೆ ಕೇಳಿಯೇ ಬಸ್ಸಮ್ಮ ಇಷ್ಟನ್ನು ಹೇಳಿದ್ದಾರೆ. ಕಿಟಕಿ ಸೀಟಿಗಾಗಿ ದಿನವೂ ಮಹಾಯುದ್ಧ ಹೂಡುತ್ತಿದ್ದ ಈ ಗಟ್ಟಿಗಿತ್ತಿ ಇದ್ದಕ್ಕಿದ್ದಂತೆ ಸಿಕ್ಕಿದ ಸೀಟಿನಲ್ಲಿ ಕೂರತೊಡಗಿದಳು. ಗೆಳತಿಯರೊಡನೆ ಮಾತು ನಿಂತಿತು. ಕೈಯಲ್ಲಿ ದುಬಾರಿ ವಾಚು ಬಂತು. ಮನೆಯ ಸ್ಟಾಪು ಹತ್ತಿರವಾದಾಗ ಅದು ಚೀಲದೊಳಗೆ ಹೋಗುತ್ತಿತ್ತು.

ಬಸ್ಸಮ್ಮ ಮೊದಲು ಎಡವಿದ್ದೇ ಇಲ್ಲಿ. ಯಾವುದೋ ಹುಡುಗನ ಮೇಲೆ ಮನಸ್ಸಾಗಿರಬೇಕು ಅಂದುಕೊಂಡು ಎಲ್ಲರ ಮುಂದೆ ರೇಗಿಸಿದರು. ಹುಡುಗಿ ಇನ್ನಷ್ಟು ಮುದುಡಿಕೊಂಡಳು.

"ಬರೀ ವಾಚು ನೋಡಿ ಕಥೆ ಕಟ್ಟಬಾರದು. ಆದ್ರೆ ಫೋನು ಗುರ್ ಅಂದಾಗೆಲ್ಲ ಅವಳು ಬೆಚ್ಚಿಬೀಳ್ತಿದ್ಳು. ಇಷ್ಟಪಟ್ಟೋರ ಫೋನಿಗೆ ಯಾರಾದ್ರೂ ಹೆದರ್ತಾರಾ?"

ಒಂದು ದಿನ ಹುಡುಗಿ ತಲೆಯನ್ನೂ ಬಾಚದೆ ಬಂದಳು. ಬಸ್ಸಮ್ಮ ಏನನ್ನೂ ಕೇಳದೆ ಕೊನೆಯ ಸೀಟಿಗೆ ಕರೆದರು. ಬಲಗಡೆಯ ಜಡೆ ಮುಗಿಯಿತು. ಎಡಗಡೆಯ ಸಿಕ್ಕು ಬಿಡಿಸುವಾಗ ಸಣ್ಣ ದನಿಯೊಂದು ಕೇಳಿತು.

"ಬಸ್ಸಮ್ಮ, ಒಬ್ರಿಗೆ ಕಳಿಸಿದ ಫೋಟೋ ವಾಪಸ್ ತಗೋಬಹುದಾ?"

ಬಸ್ಸಮ್ಮ ಬಾಚಣಿಗೆ ನಿಲ್ಲಿಸಲಿಲ್ಲ. ಕೈ ನಿಂತರೆ ಮಾತೂ ನಿಲ್ಲುತ್ತದೆಂದು ಅವರಿಗೆ ಗೊತ್ತು. ಒಂದೊಂದಾಗಿ ಎಲ್ಲ ಹೊರಬಂತು. ಫೋನಿನಲ್ಲಿ ಪರಿಚಯವಾದ, ವಯಸ್ಸಿನಲ್ಲಿ ತುಂಬ ದೊಡ್ಡವನಾದ ಒಬ್ಬ ಗಂಡಸು. ಮೊದಮೊದಲು ಬರೀ ಹೊಗಳಿಕೆ, ಆಮೇಲೆ ಉಡುಗೊರೆ, ಆಮೇಲೆ ಫೋಟೋ ಕಳಿಸೆಂಬ ಒತ್ತಾಯ. ಈಗ ಶನಿವಾರ ಒಬ್ಬಳೇ ಬಂದು ಭೇಟಿಯಾಗಬೇಕು, ಇಲ್ಲದಿದ್ದರೆ ಫೋಟೋ ಅಪ್ಪನ ಕೈ ಸೇರುತ್ತದೆ ಎಂಬ ಬೆದರಿಕೆ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಎಂದಳು ಹುಡುಗಿ.

"ಆಣೆ ಮಾಡಲ್ಲ ಕಂದಾ. ಇದು ನನ್ನೊಬ್ಬಳ ಕೈಲಿ ಆಗೋದಲ್ಲ. ಹೆಡ್‌ಮಿಸ್ಸಿಗೆ ಹೇಳ್ತೀನಿ. ನಿಂಗೆ ಹೇಳದೆ ಏನೂ ಮಾಡಲ್ಲ, ನಿನ್ನ ಪಕ್ಕದಲ್ಲೇ ಇರ್ತೀನಿ. ತಪ್ಪು ನಿಂದಲ್ಲ."

"ನೀವೂ ಅಷ್ಟೇ!" ಹುಡುಗಿ ಬಸ್ಸಮ್ಮನ ಕೈಯಿಂದ ಕೂದಲು ಬಿಡಿಸಿಕೊಂಡು ಎದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು. ಹಾಗೆಯೇ ಬಸ್ಸಿಳಿದು ಹೋದಳು. ಬಸ್ಸಮ್ಮನ ಕೈಯಲ್ಲಿ ರಿಬ್ಬನ್ ಉಳಿಯಿತು.

"ನಿಂಗ್ಯಾಕೆ ಬೇಕು ಅಕ್ಕಾ, ಕೆಲಸಕ್ಕೆ ಕುತ್ತು ಬರುತ್ತೆ" ಎಂದ ಡ್ರೈವರ್. ಬಸ್ಸಮ್ಮ ಆ ರಿಬ್ಬನ್ ಹಿಡಿದುಕೊಂಡೇ ಹೆಡ್‌ಮಿಸ್ ಕೋಣೆಗೆ ನಡೆದರು. ಹೆಡ್‌ಮಿಸ್ ಬಾಗಿಲು ಮುಚ್ಚಿ ಪೂರ್ತಿ ಕೇಳಿಸಿಕೊಂಡರು. ಹುಡುಗಿಯ ತಾಯಿಯನ್ನು ಕರೆಸಿದರು. ಫೋನಿನಲ್ಲಿದ್ದ ಒಂದು ಸಾಲನ್ನೂ ಅಳಿಸದೆ ಪೊಲೀಸರಿಗೆ ತೋರಿಸಿದರು. ತಾಯಿ ಬೈಯಲಿಲ್ಲ. ಮಗಳನ್ನು ತಬ್ಬಿಕೊಂಡು ಕೂತರು. ಶನಿವಾರ ಹೇಳಿದ ಜಾಗಕ್ಕೆ ಬಂದವನನ್ನು ಎದುರುಗೊಂಡವರು ಪೊಲೀಸರು.

ಬಸ್ಸಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಹುಡುಗಿ ಬಸ್ಸಿಗೆ ಬರುವುದನ್ನೇ ಬಿಟ್ಟಿದ್ದಳು. "ಅವಳು ಉಳಿದ್ಳು ಅಂತ ಗೊತ್ತು. ಆದ್ರೆ ಇನ್ಮೇಲೆ ಈ ಮಗು ಯಾರನ್ನೂ ನಂಬದೇ ಹೋದ್ರೆ?"

ಬಹಳ ದಿನಗಳ ಮೇಲೆ ಒಂದು ಬೆಳಿಗ್ಗೆ ಆ ಸ್ಟಾಪಿನಲ್ಲಿ ಹುಡುಗಿ ನಿಂತಿದ್ದಳು. ಹತ್ತಿದಳು. ಬಸ್ಸಮ್ಮನ ಮುಖ ನೋಡಲಿಲ್ಲ. ಸೀದಾ ಕೊನೆಯ ಸೀಟಿಗೆ ಬಂದು, ಬೆನ್ನು ತಿರುಗಿಸಿ ಕೂತು, ಭುಜದ ಮೇಲಿಂದ ಎರಡು ರಿಬ್ಬನ್ ಹಿಂದಕ್ಕೆ ಚಾಚಿದಳು.

"ಬಿಗಿಯಾಗಿ ಹಾಕಿ" ಎಂದಳು. "ಸಂಜೆ ತನಕ ಬಿಚ್ಚಬಾರದು."

ಬಸ್ಸಮ್ಮ ಜಡೆ ಹಾಕಿದರು. ಹುಡುಗಿ ಹಿಂದಿರುಗಿ ನೋಡದೇ ಇದ್ದದ್ದು ಒಳ್ಳೆಯದೇ ಆಯಿತು. ನೋಡಿದ್ದರೆ ಕಣ್ಣೀರು ಸುರಿಸುತ್ತಿದ್ದ ಬಸ್ಸಮ್ಮನನ್ನು ಸಮಾಧಾನ ಮಾಡುವ ಕೆಲಸ ಅವಳ ತಲೆಗೆ ಬರುತ್ತಿತ್ತು.

ಈಗ ಅವಳು ಕಾಲೇಜಿನಲ್ಲಿದ್ದಾಳೆ. ಆಗಾಗ ಫೋನು ಮಾಡಿ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಾಳೆ. ಬಸ್ಸು ಶೆಡ್ಡಿನಿಂದ ಹೊರಡುತ್ತಿದೆ. ಮೊದಲ ಸ್ಟಾಪಿನಲ್ಲೇ ಇಬ್ಬರು ಕಿಟಕಿ ಸೀಟಿಗಾಗಿ ಕಿತ್ತಾಡುತ್ತಾರೆ. ಬಸ್ಸಮ್ಮ ಬಿಡಿಸಲು ಅವಸರ ಮಾಡುವುದಿಲ್ಲ. ಆ ಗಲಾಟೆ ಅವರ ಕಿವಿಗೆ ಹಿತ. ನಿಮಗೆ ಏನಾದರೂ ಆಸೆ ಇದೆಯೇ ಎಂದರೆ ಡ್ರೈವರ್ ಕಡೆಗೆ ಕೈ ತೋರಿಸುತ್ತಾರೆ.

"ಇವನಿಗೆ ಗುಂಡಿ ತಪ್ಪಿಸಿ ಓಡಿಸೋಕೆ ಹೇಳಿ. ಜಡೆ ಸೊಟ್ಟ ಆಗುತ್ತೆ." ಸೊಂಟದಿಂದ ಬಾಚಣಿಗೆ ತೆಗೆಯುತ್ತಾರೆ. "ನನ್ನ ಬಸ್ಸಿಂದ ಒಬ್ಬಳು ಅರ್ಧ ಜಡೇಲಿ ಇಳಿದು ಹೋಗಿದ್ಳು. ಅವಳೂ ವಾಪಸ್ ಬಂದು ಪೂರ್ತಿ ಹಾಕಿಸ್ಕೊಂಡ್ಳು."